ಆರು ಪಥದ ಹೆದ್ದಾರಿಯಲ್ಲಿ ಬೈಕ್ ಸವಾರನಿಗೆ ಜಾಗ ಎಲ್ಲಿ?

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗಿ ಸಂಚಾರಕ್ಕೆ ತೆರೆದುಕೊಂಡ ಮೇಲೆ ಕಾಸರಗೋಡಿನ ಸವಾರರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ. ಮುಖ್ಯ ಪಥಕ್ಕೆ ಬೈಕು, ಸ್ಕೂಟರು, ಆಟೋಗಳಿಗೆ ಪ್ರವೇಶವಿಲ್ಲ ಎಂಬ ಸುದ್ದಿ ಆಗಾಗ ಬರುತ್ತದೆ. ಮರುದಿನ ನೋಡಿದರೆ ಅದೇ ಪಥದಲ್ಲಿ ಬೈಕುಗಳು ಎಂದಿನಂತೆ ಹೋಗುತ್ತಿರುತ್ತವೆ. ಕೆಲವರು ದಂಡಕ್ಕೆ ಹೆದರಿ ಸರ್ವಿಸ್ ರಸ್ತೆಗೆ ಇಳಿಯುತ್ತಾರೆ. ಅಲ್ಲಿ ಎದುರಿನಿಂದ ಬರುವ ಕಾರಿಗೆ ಹೆದರಿ ಮತ್ತೆ ಮೇಲೆ ಹತ್ತುತ್ತಾರೆ.

ಚರ್ಚೆಯೆಲ್ಲ ಬೈಕು ಎಲ್ಲಿ ಹೋಗಬೇಕು ಎಂಬುದರ ಸುತ್ತಲೇ ನಡೆಯುತ್ತಿದೆ. ಅದು ಎಲ್ಲಿ ಹೋದರೂ ಕಾರು, ಬಸ್ಸು, ಲಾರಿ ಓಡಿಸುವವರ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳುವವರು ಕಡಿಮೆ. ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡುವುದರಿಂದಲೇ ಗೊಂದಲ ಹೆಚ್ಚಿದೆ. ರಸ್ತೆಯಲ್ಲಿ ಬೈಕು ಇರುತ್ತದೆ ಎಂಬ ನಿರೀಕ್ಷೆ ಚಾಲಕನ ಮನಸ್ಸಿನಲ್ಲಿ ಇಲ್ಲದಿದ್ದರೆ, ಕಣ್ಣೆದುರು ಬಂದ ಬೈಕೂ ಅವನಿಗೆ ಕಾಣುವುದಿಲ್ಲ. ಅರ್ಧಂಬರ್ಧ ನಿಷೇಧ ಆ ನಿರೀಕ್ಷೆಯನ್ನೇ ಕೆಡಿಸುತ್ತದೆ.

ನಿಷೇಧದ ಮಾತು ಎಲ್ಲಿಂದ ಬಂತು

ಎಲ್ಲ ಕಡೆಯಿಂದಲೂ ವಾಹನ ನುಗ್ಗದಂತೆ ಬೇಲಿ ಹಾಕಿ, ಗೊತ್ತಾದ ಜಾಗದಲ್ಲಿ ಮಾತ್ರ ಒಳಗೆ ಬಂದು ಹೊರಗೆ ಹೋಗುವಂತೆ ಕಟ್ಟಿದ ಹೆದ್ದಾರಿಗಳಲ್ಲಿ ನಿಧಾನದ ವಾಹನಗಳನ್ನು ಹೊರಗಿಡುವುದು ಹೊಸದೇನಲ್ಲ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಬೆಂಗಳೂರು–ಮೈಸೂರು ಹೆದ್ದಾರಿ. ಅಲ್ಲಿ ಹೆದ್ದಾರಿ ಪ್ರಾಧಿಕಾರ 2023ರ ಜುಲೈಯಲ್ಲಿ ಅಧಿಸೂಚನೆ ಹೊರಡಿಸಿ, ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟಿತು. ಅದಕ್ಕೆ ಆಧಾರ 2002ರ ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ ಕಾಯ್ದೆ. ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರವೂ ಒಂದು ರಸ್ತೆಯಲ್ಲಿ ಇಂಥ ವಾಹನ ಬೇಡ ಎಂದು ಆದೇಶಿಸಬಹುದು. ಹೀಗೆ ಅಧಿಕಾರ ಎರಡು ಕಡೆ ಇರುವುದರಿಂದ, ಫಲಕ ಒಬ್ಬರು ಹಾಕಿ ದಂಡ ಇನ್ನೊಬ್ಬರು ವಸೂಲು ಮಾಡಬೇಕಾದಾಗ ಜನ ಯಾರ ಮಾತನ್ನು ನಂಬಬೇಕು ಎಂದು ತಿಳಿಯದೆ ನಿಲ್ಲುತ್ತಾರೆ.

ಬೆಂಗಳೂರು–ಮೈಸೂರು ರಸ್ತೆಯ ಲೆಕ್ಕವನ್ನು ಹಾಗೆಯೇ ಕಾಸರಗೋಡಿಗೆ ತರಲು ಬರುವುದಿಲ್ಲ. ಆ ಹೆದ್ದಾರಿ ರಾಮನಗರ, ಮಂಡ್ಯದಂಥ ಊರುಗಳನ್ನು ಬೈಪಾಸ್‌ನಲ್ಲಿ ಬದಿಗಿಟ್ಟು ಹೋಗುತ್ತದೆ. ಇಲ್ಲಿ ಹೆದ್ದಾರಿಯೇ ಊರಿನ ಪೇಟೆ ಬೀದಿ. ಹೊಸಂಗಡಿ, ಉಪ್ಪಳ, ಬಂದ್ಯೋಡು, ಕುಂಬಳೆ, ಮೊಗ್ರಾಲ್, ಕಾಸರಗೋಡು, ವಿದ್ಯಾನಗರ, ಚೆರ್ಕಳ ಎಲ್ಲವೂ ಅದರ ಎರಡೂ ಮಗ್ಗುಲಲ್ಲಿ ಬೆಳೆದವು. ಪಶ್ಚಿಮಕ್ಕೆ ರೈಲು ಹಳಿ, ಅದರಾಚೆ ಕಡಲು, ಪೂರ್ವಕ್ಕೆ ಗುಡ್ಡ. ಕಾಸರಗೋಡಿನಿಂದ ತೆಂಕಣಕ್ಕೆ ಹೋಗುವವರಿಗೆ ಚಂದ್ರಗಿರಿ ದಾಟಿ ಮೇಲ್ಪರಂಬ, ಉದುಮ, ಬೇಕಲದ ಮೂಲಕ ಇನ್ನೊಂದು ರಸ್ತೆಯಿದೆ. ಬಡಗಣಕ್ಕೆ, ಮಂಗಳೂರಿನ ಕಡೆಗೆ, ಅಂಥ ನೇರವಾದ ಬದಲಿ ದಾರಿ ಇಲ್ಲ.

ಇನ್ನೊಂದು ಸಂಗತಿ ಜಾಗದ್ದು. ಬೇರೆಡೆ ಇಂಥ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ನೆಲ ಸ್ವಾಧೀನವಾಗುತ್ತದೆ. ಕೇರಳದಲ್ಲಿ ಜನವಸತಿ ದಟ್ಟವಾಗಿರುವುದರಿಂದ ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು ಅದು 45 ಮೀಟರಿಗೆ ಇಳಿಯಿತು. ಆರು ಪಥ, ನಡುವಿನ ಡಿವೈಡರ್, ಎರಡೂ ಬದಿಯ ಸರ್ವಿಸ್ ರಸ್ತೆ, ಚರಂಡಿ ಎಲ್ಲವೂ ಅಷ್ಟರೊಳಗೇ ಹೊಂದಬೇಕು. ಹೆದ್ದಾರಿಯ ಮುಖ್ಯ ಪಥದ ಅಗಲದಲ್ಲಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾಗಿ ಇಕ್ಕಟ್ಟೆಲ್ಲ ಬಂದು ಬಿದ್ದದ್ದು ಬದಿಯ ರಸ್ತೆಯ ಮೇಲೆ, ಅಂದರೆ ಬೈಕ್ ಸವಾರನನ್ನು ಕಳಿಸಬೇಕೆಂದಿರುವ ಜಾಗದ ಮೇಲೆಯೇ.

ನಿಷೇಧ ಬೇಕೆನ್ನುವವರ ಲೆಕ್ಕ

ನಿಷೇಧ ಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೇರಳದಲ್ಲಿ 2023ರ ಜುಲೈ 1ರಿಂದ ಜಾರಿಯಲ್ಲಿರುವ ವೇಗಮಿತಿಯ ಪ್ರಕಾರ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗಬಹುದು. ದ್ವಿಚಕ್ರ ವಾಹನಗಳ ಗರಿಷ್ಠ ಮಿತಿಯನ್ನು ಅದೇ ಆದೇಶ 70ರಿಂದ 60ಕ್ಕೆ ಇಳಿಸಿತು. ಅಂದರೆ ಇಬ್ಬರೂ ಕಾನೂನು ಪಾಲಿಸಿದರೂ ಒಂದೇ ರಸ್ತೆಯಲ್ಲಿ ಇಬ್ಬರ ನಡುವೆ 50 ಕಿಲೋಮೀಟರ್ ವೇಗದ ಅಂತರ.

ಆ ಅಂತರ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರಿನ ಚಾಲಕ 100 ಮೀಟರ್ ಮುಂದೆ ಬೈಕನ್ನು ಕಂಡರೆ ಅದರ ಬೆನ್ನಿಗೆ ತಲುಪಲು 7 ಸೆಕೆಂಡು ಸಾಕು. ಅಷ್ಟರಲ್ಲಿ ಅವನು ಮುಂದಿರುವುದು ಬೈಕು ಎಂದು ಗುರುತಿಸಬೇಕು, ಅದು ತನಗಿಂತ ಎಷ್ಟು ನಿಧಾನ ಎಂದು ಅಂದಾಜಿಸಬೇಕು, ಬಲಗಡೆ ಖಾಲಿಯಿದೆಯೇ ಎಂದು ಕನ್ನಡಿಯಲ್ಲಿ ನೋಡಬೇಕು, ಪಥ ಬದಲಿಸಬೇಕು. ಜೂನ್ ತಿಂಗಳ ಮಳೆಯಲ್ಲಿ, ಮುಂದಿನ ಲಾರಿಯ ಚಕ್ರದಿಂದೇಳುವ ನೀರಿನ ಮಂಜಿನ ನಡುವೆ, ಒಂದೇ ಹಿಂಬದಿ ದೀಪದ ಸ್ಕೂಟರ್ 100 ಮೀಟರ್ ದೂರದಿಂದ ಕಾಣುವುದೇ ಇಲ್ಲ. ಹಿಂದಿನಿಂದ ಬಂದು ಗುದ್ದುವ ಇಂಥ ಅಪಘಾತದಲ್ಲಿ ಸವಾರ ಉಳಿಯುವ ಸಾಧ್ಯತೆ ಬಹಳ ಕಡಿಮೆ.

ದೇಶದ ಚಿತ್ರವೂ ಇದನ್ನೇ ಹೇಳುತ್ತದೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಆದ್ದರಿಂದ ವೇಗದ ವಾಹನ ಮತ್ತು ಬೈಕನ್ನು ಬೇರ್ಪಡಿಸಬೇಕು ಎಂಬ ತತ್ತ್ವ ಸರಿಯೇ. ಬೇರ್ಪಡಿಸಿ ಎಲ್ಲಿಗೆ ಕಳಿಸುತ್ತೀರಿ ಎಂಬಲ್ಲಿ ತೊಡಕಿದೆ.

ಸರ್ವಿಸ್ ರಸ್ತೆಗೆ ಇಳಿದರೆ

ಸೀತಾಂಗೋಳಿ ಕಡೆಯಿಂದ ಕುಂಬಳೆಗೆ ಬಂದು ಕಾಸರಗೋಡಿಗೆ ಹೋಗಬೇಕಾದ ಸವಾರನನ್ನು ಊಹಿಸಿಕೊಳ್ಳಿ. ಸರ್ವಿಸ್ ರಸ್ತೆಗೆ ಬಂದ ಕೂಡಲೇ ಅವನ ಎಡಕ್ಕೆ ಅಂಗಡಿಗಳ ಮುಂದೆ ನಿಂತ ಕಾರುಗಳ ಸಾಲು. ಅದರಾಚೆ ಚರಂಡಿಯ ಮೇಲೆ ಕಾಂಕ್ರೀಟ್ ಸ್ಲ್ಯಾಬು. ಸ್ಲ್ಯಾಬಿನ ಅಂಚು ಡಾಮರಿನ ಮಟ್ಟಕ್ಕೆ ಸರಿಹೊಂದದ ಕಡೆ ಸ್ಕೂಟರಿನ ಸಣ್ಣ ಚಕ್ರ ಅಡ್ಡವಾಗಿ ತಾಗಿದರೆ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಬಲಕ್ಕೆ ಮುಖ್ಯ ಪಥದ ಗೋಡೆ. ಉಳಿದ ಜಾಗದಲ್ಲಿ ಎದುರಿನಿಂದ ಆಟೋ, ಬಸ್ಸು, ಗ್ಯಾಸ್ ಸಿಲಿಂಡರಿನ ಲಾರಿ ಬರುತ್ತಿರುತ್ತವೆ. ಸರ್ವಿಸ್ ರಸ್ತೆ ಹಲವು ಕಡೆ ಎರಡೂ ದಿಕ್ಕಿನ ಸಂಚಾರಕ್ಕೆ ಬಳಕೆಯಾಗುತ್ತಿದೆ.

ಇಲ್ಲಿಯೂ ಒಂದು ಲೆಕ್ಕ ಹಾಕೋಣ. ಎದುರುಬದುರಾಗಿ ಬರುವ ಎರಡು ವಾಹನಗಳು ತಲಾ 40 ಕಿಲೋಮೀಟರ್ ವೇಗದಲ್ಲಿದ್ದರೆ ನಡುವಿನ 100 ಮೀಟರ್ ನಾಲ್ಕೂವರೆ ಸೆಕೆಂಡಿನಲ್ಲಿ ಕರಗುತ್ತದೆ. ಮುಖ್ಯ ಪಥದಲ್ಲಿ ಹಿಂದಿನಿಂದ ಬರುವ ಕಾರಿಗೆ ಸಿಗುತ್ತಿದ್ದ 7 ಸೆಕೆಂಡಿಗಿಂತ ಇದು ಕಡಿಮೆ! ಸರ್ವಿಸ್ ರಸ್ತೆ ನಿಧಾನದ ರಸ್ತೆ, ಹಾಗಾಗಿ ಸುರಕ್ಷಿತ ಎಂದು ಕಣ್ಣುಮುಚ್ಚಿ ಹೇಳುವವರು ಈ ಅಂಕಿಯನ್ನು ಗಮನಿಸಬೇಕು. ಅಲ್ಲಿ ಗುದ್ದಿದರೆ ಪೆಟ್ಟಿನ ಬಲ ಕಡಿಮೆ ಇರಬಹುದು, ಗುದ್ದಿಕೊಳ್ಳುವ ಸಂದರ್ಭಗಳು ಮಾತ್ರ ಹೆಚ್ಚು.

ನಿಂತ ಕಾರಿನ ಬಾಗಿಲು ಅಂಥದ್ದೇ ಒಂದು ಸಂದರ್ಭ. ಚಾಲಕ ಕಾರು ನಿಲ್ಲಿಸಿ, ಫೋನು ನೋಡುತ್ತ, ಬಲಗೈಯಿಂದ ಬಾಗಿಲು ತಳ್ಳುತ್ತಾನೆ. ಹಿಂದಿನಿಂದ ಬಂದ ಬೈಕು ನೇರ ಬಾಗಿಲಿಗೆ ಬಡಿಯುತ್ತದೆ, ಸವಾರ ಎದುರಿನ ಬಸ್ಸಿನತ್ತ ಎಸೆಯಲ್ಪಡುತ್ತಾನೆ. ಬಲ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಂಡರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ. ಖರ್ಚಿಲ್ಲದ ಉಪಾಯ ಇದು. ಡ್ರೈವಿಂಗ್ ಕಲಿಸುವ ಶಾಲೆಗಳು ಮೊದಲ ದಿನವೇ ಹೇಳಿಕೊಡಬೇಕಾದದ್ದು.

ವಿರುದ್ಧ ದಿಕ್ಕಿನ ಸವಾರಿಯನ್ನೂ ಇಲ್ಲೇ ಹೇಳಬೇಕು. ಡಿವೈಡರ್ ಮುಚ್ಚಿದ ಮೇಲೆ ರಸ್ತೆಯಾಚೆಗಿನ ಮನೆಗೆ ಹೋಗಲು ಮುಂದಿನ ಅಂಡರ್‌ಪಾಸ್‌ವರೆಗೆ ಹೋಗಿ ತಿರುಗಿ ಬರಬೇಕು. ದೂರ ಹೆಚ್ಚಾದಷ್ಟೂ ಜನ ಅಡ್ಡದಾರಿ ಹುಡುಕುತ್ತಾರೆ, ಎದುರಿನ ದಿಕ್ಕಿನಲ್ಲೇ ನುಗ್ಗುತ್ತಾರೆ. ಅದು ತಪ್ಪು, ಸಂಶಯವಿಲ್ಲ. ಆದರೆ ಒಂದೇ ಜಾಗದಲ್ಲಿ ನೂರಾರು ಜನ ಒಂದೇ ತಪ್ಪು ಮಾಡುತ್ತಿದ್ದರೆ ಅಲ್ಲಿ ರಸ್ತೆಯ ವಿನ್ಯಾಸವನ್ನೂ ಪ್ರಶ್ನಿಸಬೇಕಾಗುತ್ತದೆ.

ನೋಡಿದರೂ ಕಾಣದ ಬೈಕು

ಅಪಘಾತವಾದ ಬಳಿಕ ಕಾರಿನ ಚಾಲಕ ಹೇಳುವ ಮಾತು ಬಹುತೇಕ ಒಂದೇ: "ನಾನು ನೋಡಿದ್ದೆ, ಬೈಕು ಇರಲೇ ಇಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ." ಕೇಳಿದವರು ಸುಳ್ಳೆನ್ನುತ್ತಾರೆ. ಅನೇಕ ಸಲ ಅದು ನಿಜವೇ ಆಗಿರುತ್ತದೆ.

ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಲಾಸ್ ಏಂಜಲೀಸ್ ಸುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿತು. ಬೈಕಿಗೂ ಇನ್ನೊಂದು ವಾಹನಕ್ಕೂ ನಡೆದ ಅಪಘಾತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆ ಇನ್ನೊಂದು ವಾಹನ ಬೈಕಿಗೆ ದಾರಿ ಬಿಡದೆ ಅಡ್ಡ ಬಂದದ್ದರಿಂದ ಆದವು. ಮುಖ್ಯ ಕಾರಣ, ಚಾಲಕ ಬೈಕನ್ನು ಗುರುತಿಸದೇ ಹೋದದ್ದು. ಅಲ್ಲಿನ ರಸ್ತೆ ಬೇರೆ, ನಮ್ಮದು ಬೇರೆ. ಕಣ್ಣು ಮತ್ತು ಮೆದುಳು ಕೆಲಸ ಮಾಡುವ ರೀತಿ ಮಾತ್ರ ಎಲ್ಲ ಕಡೆ ಒಂದೇ.

ನಾವು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುವಾಗ ಕಣ್ಣು ಸರಾಗವಾಗಿ ಜಾರುವುದಿಲ್ಲ, ಜಿಗಿಜಿಗಿದು ಹೋಗುತ್ತದೆ. ಜಿಗಿಯುವ ಆ ಕ್ಷಣದಲ್ಲಿ ಮೆದುಳು ದೃಶ್ಯವನ್ನು ದಾಖಲಿಸುವುದಿಲ್ಲ. ಕಣ್ಣು ನಿಲ್ಲುವ ಎರಡು ಬಿಂದುಗಳ ನಡುವಿನ ತೆರಪಿನಲ್ಲಿ ಬಸ್ಸಿನಷ್ಟು ದೊಡ್ಡದು ತಪ್ಪಿಹೋಗುವುದು ಕಷ್ಟ. ಮುಕ್ಕಾಲು ಮೀಟರ್ ಅಗಲದ ಬೈಕು ಸುಲಭವಾಗಿ ತಪ್ಪಿಹೋಗುತ್ತದೆ. ಬದಿಯಡ್ಕ ರಸ್ತೆಯಿಂದ ಚೆರ್ಕಳದತ್ತ ಬಂದು ಅವಸರದಲ್ಲಿ ಒಮ್ಮೆ ಮಾತ್ರ ಕತ್ತು ತಿರುಗಿಸಿ ನುಗ್ಗುವ ಚಾಲಕನಿಗೆ ರಸ್ತೆ ಖಾಲಿ ಕಂಡಿರುವುದು ಹೀಗೆ.

ದೂರ, ವೇಗಗಳ ಅಂದಾಜಿನಲ್ಲಿಯೂ ಮೋಸವಿದೆ. ಎದುರಿನ ವಾಹನ ಎಷ್ಟು ಬೇಗ ಬರುತ್ತಿದೆ ಎಂಬುದನ್ನು ಅದರ ಆಕಾರ ಕಣ್ಣಿನಲ್ಲಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದರಿಂದ ಅಳೆಯುತ್ತೇವೆ. ಎರಡೂವರೆ ಮೀಟರ್ ಅಗಲದ ಬಸ್ಸು ದೊಡ್ಡದಾಗುವುದು ಬೇಗ ಗೊತ್ತಾಗುತ್ತದೆ. ಬೈಕು ತೀರ ಹತ್ತಿರ ಬರುವವರೆಗೂ ಸಣ್ಣದಾಗಿಯೇ ಇದ್ದು, ಕೊನೆಯ ಕ್ಷಣದಲ್ಲಿ ಒಮ್ಮೆಲೇ ಬೆಳೆಯುತ್ತದೆ. ಅದೇ ದೂರದಲ್ಲಿ ಅದೇ ವೇಗದಲ್ಲಿ ಬರುತ್ತಿದ್ದರೂ ಬಸ್ಸಿಗೆ ನಿಂತು ದಾರಿ ಬಿಡುವ ಚಾಲಕ ಬೈಕಿನ ಮುಂದೆ ನುಗ್ಗಲು ಇದೂ ಒಂದು ಕಾರಣ.

ಮೂರನೆಯದು ಕಾರಿನದೇ ತೊಂದರೆ. ಮುಂಗಾಜಿನ ಎರಡು ಬದಿಯ ಕಂಬಗಳು ಈಗಿನ ಕಾರುಗಳಲ್ಲಿ ದಪ್ಪ. ಕಾರು ಮಗುಚಿದಾಗ ಒಳಗಿರುವವರನ್ನು ಕಾಪಾಡಲು ಅವು ದಪ್ಪವಾಗಿರಲೇಬೇಕು. ಆದರೆ 30 ಮೀಟರ್ ದೂರದ ಒಂದು ಇಡೀ ಬೈಕನ್ನು ಆ ಕಂಬ ಮರೆಮಾಡಬಲ್ಲದು. ಕಾರು ಮತ್ತು ಬೈಕು ಒಂದೇ ಕೂಡುರಸ್ತೆಯತ್ತ ಒಂದೇ ಲಯದಲ್ಲಿ ಸಾಗುತ್ತಿದ್ದರೆ ಬೈಕು ಕೊನೆಯವರೆಗೂ ಕಂಬದ ಹಿಂದೆಯೇ ಉಳಿಯುತ್ತದೆ. ಚಾಲಕ ಸೀಟಿನಲ್ಲೇ ಸ್ವಲ್ಪ ಮುಂದಕ್ಕೆ ಬಾಗಿ ತಲೆ ಆಚೀಚೆ ಮಾಡಿದರೆ ಸಾಕು, ಮರೆ ಸರಿಯುತ್ತದೆ. ಕೂಡುರಸ್ತೆಯಲ್ಲಿ ಎರಡು ಸಲ ನೋಡಿ, ಪ್ರತಿ ಸಲ ಕಣ್ಣನ್ನು ಒಂದು ಕ್ಷಣ ನಿಲ್ಲಿಸಿ ಎಂದು ಅನುಭವಸ್ಥರು ಹೇಳುವುದಕ್ಕೆ ಇಷ್ಟೆಲ್ಲ ಕಾರಣವಿದೆ.

ಸವಾರನ ಕಡೆಯಿಂದಲೂ ಆಗಬೇಕಾದದ್ದಿದೆ. 2017ರ ಏಪ್ರಿಲ್‌ನಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಹಗಲಿನಲ್ಲೂ ಹೆಡ್‌ಲೈಟ್ ತಾನಾಗಿ ಉರಿಯುತ್ತದೆ. ಅದು ಮುಂದಿನಿಂದ ಕಾಣಿಸಲು ಮಾತ್ರ. ಮಳೆಗಾಲದ ಕಪ್ಪು ರೈನ್‌ಕೋಟ್ ಹಿಂದಿನ ದೀಪವನ್ನೇ ಮುಚ್ಚಿಕೊಂಡಿದ್ದರೆ ಬೈಕು ಇದ್ದೂ ಇಲ್ಲದಂತೆ. ತಿಳಿ ಬಣ್ಣದ, ಬೆಳಕು ಪ್ರತಿಫಲಿಸುವ ಪಟ್ಟಿಯಿರುವ ರೈನ್‌ಕೋಟ್ ದೊಡ್ಡ ಖರ್ಚಿನದಲ್ಲ.

ಹೊಳೆ ದಾಟುವಲ್ಲಿ

ಇಡೀ ಗೊಂದಲದ ಅತಿ ಅಪಾಯದ ಜಾಗ ಸೇತುವೆ. ಬಂದ್ಯೋಡಿನಿಂದ ಕಾಸರಗೋಡಿಗೆ ಹೋಗುವವರು ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳನ್ನು ದಾಟಬೇಕು. ದೊಡ್ಡ ಸೇತುವೆಗಳ ಮೇಲೆ ಸರ್ವಿಸ್ ರಸ್ತೆ ಮುಂದುವರಿಯುವುದಿಲ್ಲ. ಅಲ್ಲಿ ಬೈಕು ಮುಖ್ಯ ಪಥವನ್ನು ಸೇರಲೇಬೇಕು, ದಾಟಿದ ಮೇಲೆ ಮತ್ತೆ ಇಳಿಯಬೇಕು.

ಈಗ ಕಾರಿನ ಚಾಲಕನ ಕಡೆಯಿಂದ ನೋಡಿ. ಈ ಪಥದಲ್ಲಿ ಬೈಕು ಬರಬಾರದು ಎಂದು ಅವನಿಗೆ ಹೇಳಲಾಗಿದೆ. ಕೆಲವು ಕಿಲೋಮೀಟರ್ ಬೈಕು ಕಾಣದೆ ಹೋದಾಗ ಅವನ ಕಣ್ಣು ಬೈಕನ್ನು ಹುಡುಕುವುದನ್ನು ಬಿಟ್ಟುಬಿಡುತ್ತದೆ. ಮೆದುಳು ಕೆಲಸ ಮಾಡುವುದೇ ಹಾಗೆ, ನಿರೀಕ್ಷಿಸಿದ್ದು ಬೇಗ ಕಾಣುತ್ತದೆ, ನಿರೀಕ್ಷಿಸದ್ದು ತಡವಾಗಿ ಕಾಣುತ್ತದೆ. ಅಂಥ ಹೊತ್ತಿನಲ್ಲಿ ಎಡಗಡೆಯಿಂದ, 40ರ ವೇಗದಲ್ಲಿ, ಹಿಂಬದಿಯಲ್ಲಿ ಒಬ್ಬರನ್ನು ಕೂರಿಸಿಕೊಂಡ ಸ್ಕೂಟರ್ ಪಥಕ್ಕೆ ಬರುತ್ತದೆ. ಅಲ್ಲಿ 110ಕ್ಕೂ 40ಕ್ಕೂ ನಡುವಿನ ಅಂತರ 70 ಕಿಲೋಮೀಟರ್, ಸೆಕೆಂಡಿಗೆ 19 ಮೀಟರಿಗೂ ಹೆಚ್ಚು.

ಪೂರ್ತಿ ನಿಷೇಧವಿದ್ದರೆ ಬೈಕು ಅಲ್ಲಿರುತ್ತಿರಲಿಲ್ಲ. ನಿಷೇಧವೇ ಇಲ್ಲದಿದ್ದರೆ ಚಾಲಕ ಎಲ್ಲ ಕಡೆ ಎಚ್ಚರವಾಗಿರುತ್ತಿದ್ದ. ಬಹುಪಾಲು ಕಡೆ ನಿಷೇಧ, ನಡುನಡುವೆ ಅನಿವಾರ್ಯವಾಗಿ ಅನುಮತಿ ಎಂಬ ಈಗಿನ ಸ್ಥಿತಿ ಎರಡರ ಅಪಾಯವನ್ನೂ ಒಂದೆಡೆ ತಂದು ಹಾಕಿದೆ. ನಿಷೇಧದ ಪರ, ವಿರೋಧ ಎರಡೂ ಕಡೆಯವರು ಇದರ ಬಗ್ಗೆ ಸಾಕಷ್ಟು ಮಾತಾಡಿಲ್ಲ.

ಲಾರಿಯ ಎಡ ಮಗ್ಗುಲು

ಮಂಗಳೂರಿನಿಂದ ತೆಂಕಣಕ್ಕೆ ಅಡುಗೆ ಅನಿಲದ ಬುಲೆಟ್ ಟ್ಯಾಂಕರುಗಳು ಈ ಹೆದ್ದಾರಿಯಲ್ಲೇ ಹೋಗುತ್ತವೆ. ಉದ್ದನೆಯ ವಾಹನ ಎಡಕ್ಕೆ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಸರಿದು ಬರುತ್ತವೆ. ಚಾಲಕನ ಕ್ಯಾಬಿನ್ ಎತ್ತರದಲ್ಲಿದ್ದು ಅವನು ಬಲಗಡೆ ಕೂತಿರುವುದರಿಂದ ಎಡ ಬಾಗಿಲಿನ ಪಕ್ಕ, ಬುಡದಲ್ಲಿ ನಿಂತ ಸ್ಕೂಟರ್ ಅವನಿಗೆ ಕಾಣುವುದಿಲ್ಲ. ಮೊದಲೆಲ್ಲ ಕ್ಲೀನರ್ ಎಡಗಡೆ ನೋಡಿ ಹೇಳುತ್ತಿದ್ದ, ಈಗ ಎಷ್ಟೋ ಲಾರಿಗಳಲ್ಲಿ ಚಾಲಕ ಒಬ್ಬನೇ. ಭಾರೀ ಲಾರಿಗಳ ಪಕ್ಕಕ್ಕೆ ಅಡ್ಡಪಟ್ಟಿ ಇರಬೇಕೆಂಬ ನಿಯಮವಿದೆ, ಜಾರಿದ ಸವಾರ ಚಕ್ರದಡಿಗೆ ಹೋಗದಂತೆ ಅದು ತಡೆಯುತ್ತದೆ. ಸವಾರರ ಮಟ್ಟಿಗೆ ತಿಳಿದಿರಬೇಕಾದ್ದು ಇಷ್ಟು: ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ.

ದಂಡ, ಹೆಲ್ಮೆಟ್, ಪರಿಹಾರ

ಕೇರಳದಲ್ಲಿ 2023ರ ಜೂನ್ 5ರಿಂದ ರಸ್ತೆ ಬದಿಯ ಕ್ಯಾಮರಾಗಳು ದಂಡ ಹಾಕುತ್ತಿವೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2019ರ ಡಿಸೆಂಬರ್‌ನಿಂದ. ಹೆಲ್ಮೆಟ್ ಸಾವಿನ ಸಂಭವವನ್ನು ಶೇಕಡಾ 42ರಷ್ಟು, ತಲೆಯ ಗಾಯವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವೈದ್ಯಕೀಯ ಪರಿಶೀಲನೆ ಹೇಳುತ್ತದೆ. ತಲೆಗೆ ತೀವ್ರ ಪೆಟ್ಟಾದವರನ್ನು ಗಡಿ ದಾಟಿಸಿ ಮಂಗಳೂರಿಗೆ ಕೊಂಡೊಯ್ಯುವ ಪರಿಪಾಠವಿರುವ ನಮ್ಮ ಜಿಲ್ಲೆಯಲ್ಲಿ ಆ ಅಂಕಿಯ ತೂಕ ಇನ್ನೂ ಹೆಚ್ಚು. ಹೆಲ್ಮೆಟ್ ಪೆಟ್ಟನ್ನು ತಗ್ಗಿಸುತ್ತದೆ, ಗುದ್ದುವುದನ್ನು ತಪ್ಪಿಸುವುದಿಲ್ಲ. ಕ್ಯಾಮರಾ ಹೆಲ್ಮೆಟ್ ಇಲ್ಲದ ತಲೆಯನ್ನು ಹಿಡಿಯುತ್ತದೆ, ಎರಡನೇ ಸಲ ಕತ್ತು ತಿರುಗಿಸದ ಕಾರಿನವನನ್ನು ಹಿಡಿಯುವುದಿಲ್ಲ.

ನಿಷೇಧಿತ ಪಥದಲ್ಲಿ ಬೈಕಿಗೆ ಅಪಘಾತವಾದರೆ ಪರಿಹಾರದ ಮೊಕದ್ದಮೆಯಲ್ಲಿ ಸವಾರನ ತಪ್ಪಿನ ಪಾಲೂ ಇದೆ ಎಂದು ವಿಮಾ ಕಂಪನಿ ವಾದಿಸುತ್ತದೆ. ನ್ಯಾಯಮಂಡಳಿ ಒಪ್ಪಿದರೆ ಮೊತ್ತ ಕಡಿತವಾಗಬಹುದು. ಸೇತುವೆಯ ಮೇಲೆ ಅನುಮತಿ ಇತ್ತೇ, ಇದ್ದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಲಿಖಿತವಾಗಿ ಸ್ಪಷ್ಟವಿಲ್ಲದಿದ್ದರೆ ಸತ್ತವನ ಮನೆಯವರು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಅದನ್ನೇ ವಾದಿಸಬೇಕಾಗುತ್ತದೆ. ತುರ್ತು ಚಿಕಿತ್ಸೆಗೆ ಮಾತ್ರ ಇದು ಅಡ್ಡಿಯಾಗಬಾರದು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಸಿಗುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಮುಂದೆ ಏನಾಗಬಹುದು, ಏನು ಕೇಳಬೇಕು

ಸರ್ವಿಸ್ ರಸ್ತೆಯನ್ನು ಸರಿಪಡಿಸದೆ ನಿಷೇಧವನ್ನು ಬಿಗಿ ಮಾಡಿದರೆ ಮುಖ್ಯ ಪಥದ ಸಾವು ಕಡಿಮೆಯಾಗಬಹುದು, ಪೇಟೆಗಳ ಮುಂದಿನ ಕೈಕಾಲು ಮುರಿತ ಹೆಚ್ಚಾಗುತ್ತದೆ. ನಿಷೇಧವನ್ನು ಸಂಪೂರ್ಣ ಕೈಬಿಟ್ಟರೆ ಮಳೆಗಾಲದ ರಾತ್ರಿಗಳಲ್ಲಿ ಹಿಂದಿನಿಂದ ಗುದ್ದುವ ಅಪಘಾತಗಳಿಗೆ ಸಿದ್ಧರಿರಬೇಕು. ನನ್ನ ಅಭಿಪ್ರಾಯದಲ್ಲಿ ಬೈಕುಗಳನ್ನು ಬೇರ್ಪಡಿಸುವುದೇ ಸರಿಯಾದ ದಾರಿ. ಆದರೆ ಮೊದಲು ಬದಿಯ ರಸ್ತೆ ಆ ಭಾರ ಹೊರುವಂತಾಗಬೇಕು, ಫಲಕ ಆಮೇಲೆ ಬರಬೇಕು. ಸರ್ವಿಸ್ ರಸ್ತೆ ಸಾಧ್ಯವಿರುವಲ್ಲೆಲ್ಲ ಒಂದೇ ದಿಕ್ಕಿನದಾಗಬೇಕು. ಅದರಿಂದ ಅಂಗಡಿಗೆ ಬರುವವರು ಸುತ್ತಿ ಬರಬೇಕಾಗುತ್ತದೆ, ವ್ಯಾಪಾರಿಗಳು ವಿರೋಧಿಸುತ್ತಾರೆ, ಅವರ ಆತಂಕ ಸುಳ್ಳಲ್ಲ. ತಿರುಗುವ ಅಂಡರ್‌ಪಾಸ್‌ಗಳು ಹತ್ತಿರ ಇಲ್ಲದೆ ಏಕಮುಖ ಸಂಚಾರ ಹೆಚ್ಚು ದಿನ ಬಾಳುವುದೂ ಇಲ್ಲ. ಹಾಗಾಗಿ ಇವೆರಡನ್ನೂ ಒಟ್ಟಿಗೇ ಕೇಳಬೇಕು.

ಸೇತುವೆಗಳ ವಿಷಯ ಅಷ್ಟು ಕಾಯಬೇಕಾಗಿಲ್ಲ. ಸೇತುವೆಗೆ ಸಾಕಷ್ಟು ಮುಂಚೆಯೇ ಮುಂದೆ ಬೈಕುಗಳು ಪಥಕ್ಕೆ ಸೇರುತ್ತವೆ ಎಂದು ಕಾರಿನವರಿಗೆ ಕಾಣುವ ಫಲಕ, ಆ ಭಾಗಕ್ಕೆ ಮಾತ್ರ ಕಡಿಮೆ ವೇಗಮಿತಿ, ರಸ್ತೆಯ ಮೇಲೆ ಸದ್ದು ಮಾಡುವ ಪಟ್ಟಿ, ಎಡ ಅಂಚಿನಲ್ಲಿ ಬೈಕಿಗೆಂದು ಬಣ್ಣ ಬಳಿದ ಪಟ್ಟೆ, ರಾತ್ರಿ ಬೆಳಕು. ಇಷ್ಟಕ್ಕೆ ಹೊಸ ಭೂಸ್ವಾಧೀನ ಬೇಡ. ಮಂಜೇಶ್ವರ, ಕಾಸರಗೋಡು ತಾಲೂಕುಗಳು ಕನ್ನಡ ಭಾಷಾ ಅಲ್ಪಸಂಖ್ಯಾತರ ಪ್ರದೇಶ. ಬೈಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದ ಫಲಕ ಎಲ್ಲರಿಗೂ ಅರ್ಥವಾಗುತ್ತದೆ, ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬ ಬರಹ ಮಲಯಾಳದ ಜತೆಗೆ ಕನ್ನಡದಲ್ಲಿಯೂ ಇರಲೇಬೇಕು.

ಕೇಳಬೇಕಾದ ಜಾಗವೂ ಗೊತ್ತಿರಲಿ. ಕೇರಳ ರಸ್ತೆ ಸುರಕ್ಷಾ ಪ್ರಾಧಿಕಾರ ಕಾಯ್ದೆ ಬಂದದ್ದು 2007ರಲ್ಲಿ. ಅದರಡಿ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ನೇತೃತ್ವದ ರಸ್ತೆ ಸುರಕ್ಷಾ ಮಂಡಳಿ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಸೆಕ್ಷನ್ ಪ್ರಕಾರ, ವಿನ್ಯಾಸ ಅಥವಾ ನಿರ್ವಹಣೆಯ ಮಾನದಂಡ ಪಾಲಿಸದ್ದರಿಂದ ಸಾವು, ಅಂಗವೈಕಲ್ಯ ಉಂಟಾದರೆ ರಸ್ತೆಯ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಗ್ರಾಮ ಪಂಚಾಯತಿಗಳು ತಮ್ಮ ವ್ಯಾಪ್ತಿಯ ಪ್ರತಿ ಸೇತುವೆಯ ತುದಿ, ಪ್ರತಿ ಅಂಡರ್‌ಪಾಸಿನ ಬಾಯಿ, ಸ್ಲ್ಯಾಬು ಎದ್ದಿರುವ ಜಾಗಗಳನ್ನು ಫೋಟೋ ಸಹಿತ ಪಟ್ಟಿ ಮಾಡಿ ಮಂಡಳಿಗೆ ಲಿಖಿತವಾಗಿ ಕೊಟ್ಟರೆ, ಮುಂದೆ ಅಲ್ಲಿ ಅಪಘಾತವಾದಾಗ ನಮಗೆ ಗೊತ್ತೇ ಇರಲಿಲ್ಲ ಎಂದು ಯಾವ ಇಲಾಖೆಯೂ ಹೇಳುವಂತಿರುವುದಿಲ್ಲ.